ಬಿಟ್ಟುಹೋಗಿ ಬಂದವರೇ ನಿಷ್ಠಾವಂತರು

ಅಮೆರಿಕದ ಟೊಲೀಡೊ ನಗರದ ಥೋಲ್ ಪ್ರಚಾರ ಸಂಸ್ಥೆಯು ಕಾರ್ಖಾನೆಗಳ ವಾಲ್ವ್ ತಯಾರಿಸುವ ಕಂಪನಿಗಳಿಗಲ್ಲದೆ ಬೇರಾರಿಗೂ ಕೆಲಸ ಮಾಡುವುದಿಲ್ಲ. ನಲ್ಲಿ ಮಾಡುವವರು ಬಂದು ಬೇಡಿಕೊಂಡಾಗಲೂ ಸಂಸ್ಥೆ ಕರಗಲಿಲ್ಲ. ಗ್ರಾಹಕರು ಹನ್ನೊಂದೇ; ಹನ್ನೊಂದೂ ಮಂದಿ ಹತ್ತು ವರ್ಷಕ್ಕಿಂತ ಹಳಬರು. ಇದೊಂದು ಗಂಭೀರ ಸಮಸ್ಯೆಯೆಂದು ಕಳೆದ ಮಾರ್ಚ್‌ನಲ್ಲಿ ಗುರುತಿಸಲಾಯಿತು. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು.

ಗುರುತಿಸಿದವರು ಶಿಕಾಗೋದ ಸಲಹೆಗಾರರು. ಎಂದೂ ಬಿಟ್ಟುಹೋಗದ ಗ್ರಾಹಕ ನಿಷ್ಠಾವಂತನೋ ಬರೀ ಸೋಮಾರಿಯೋ ಹೇಳಲಾಗದು, ಹೋಗಿ ಮರಳಿದವನ ನಿಷ್ಠೆಯೇ ಸಾಬೀತಾದದ್ದು ಎಂದಿತು ಅವರ ವರದಿ. ಮಾಲೀಕ ಕರ್ಟಿಸ್ ಥೋಲ್ ಕೂಡಲೇ ಸುತ್ತೋಲೆ ಹೊರಡಿಸಿದರು: "ಎಲ್ಲ ಗ್ರಾಹಕರೂ ಜೂನ್ ಒಂದರೊಳಗೆ ಸಂಸ್ಥೆಯನ್ನು ತೊರೆಯತಕ್ಕದ್ದು. ತೊಂಬತ್ತು ದಿನಗಳ ನಂತರ ಸ್ವಇಚ್ಛೆಯಿಂದ ಮರಳತಕ್ಕದ್ದು. ತೊರೆಯದ ಗ್ರಾಹಕರನ್ನು ನೋಡಿಕೊಳ್ಳುವ ಸಿಬ್ಬಂದಿಯನ್ನು ಕೈಬಿಡಲಾಗುವುದು."

ಹತ್ತು ಮಂದಿ ತೊರೆದರು. ಫಿಂಡ್ಲಿ ಊರಿನ ಮುದುಕ ವರ್ಜಿಲ್ ಸ್ಟಾನೆಕ್ ಮಾತ್ರ ಜಗ್ಗಲಿಲ್ಲ. ಅವನ ಕೆಲಸ ನೋಡಿಕೊಳ್ಳುತ್ತಿದ್ದವಳು ಲೋರ್ನಾ ಪೆಟ್ರಿಕ್. ಹದಿನಾಲ್ಕು ವರ್ಷದ ನೌಕರಿ, ವರ್ಷಕ್ಕೆ ನಾಲ್ಕು ವಾರ ರಜೆ. ಮನೆಯಲ್ಲಿ ಗಂಡನ ಮಂಡಿಗೆ ಆಪರೇಷನ್ ಆಗಬೇಕಿತ್ತು, ಆರೋಗ್ಯ ವಿಮೆ ನೌಕರಿಗೇ ಅಂಟಿಕೊಂಡಿತ್ತು. ಅವಳು ಕಾರು ಹತ್ತಿ ಫಿಂಡ್ಲಿಗೆ ಓಡಿದಳು.

"ವರ್ಜಿಲ್, ದಯವಿಟ್ಟು ನಮ್ಮನ್ನ ಬಿಟ್ಟುಹೋಗಿ."

"ಯಾಕಮ್ಮಾ? ನಿಮ್ಮ ಕೆಲಸ ಚೆನ್ನಾಗಿದೆಯಲ್ಲ!"

"ಅದೇ ಈಗ ತೊಂದರೆ ಆಗಿರೋದು. ಏನಾದ್ರೂ ಒಂದು ದೂರು ಹೇಳಿ."

ವರ್ಜಿಲ್ ಬಹಳ ಹೊತ್ತು ತಲೆ ಕೆರೆದುಕೊಂಡ. "ಕ್ರಿಸ್‌ಮಸ್‌ಗೆ ಕಳಿಸ್ತೀರಲ್ಲ, ಪಾಪ್‌ಕಾರ್ನ್ ಡಬ್ಬ, ಸ್ವಲ್ಪ ಚಿಕ್ಕದಾಯ್ತು."

"ಸಾಕು. ಇಲ್ಲಿ ಸಹಿ ಹಾಕಿ."

"ತೊಂಬತ್ತು ದಿನ ನಾನು ಯಾರಿಗೆ ಫೋನ್ ಮಾಡ್ಲಿ?" ಎಂದು ಮುದುಕ ಕಣ್ಣೊರೆಸಿಕೊಂಡ.

ಸೆಪ್ಟೆಂಬರ್‌ನಲ್ಲಿ ಹನ್ನೊಂದೂ ಮಂದಿ ಮರಳಿದರು. ಒಂದೇ ದಿನ ಹನ್ನೊಂದು ಹೊಸ ಗ್ರಾಹಕರು ಬಂದರೆಂದು ಕೇಕ್ ಕತ್ತರಿಸಲಾಯಿತು. ಲೋರ್ನಾ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಥೋಲ್ ಅವಳನ್ನು ಒಳಗೆ ಕರೆದರು.

"ಲೋರ್ನಾ, ಹೊಸ ಗ್ರಾಹಕರಿಗೆ ಹೊಸ ಸಿಬ್ಬಂದೀನೇ ಕೊಡಬೇಕು ಅಂತ ನಿಯಮ. ನೀವೋ, ಹದಿನಾಲ್ಕು ವರ್ಷದಲ್ಲಿ ಒಂದ್ಸಲಾನೂ ಬಿಟ್ಟುಹೋಗಿಲ್ಲ. ಸಲಹೆಗಾರರಿಗೆ ನಿಮ್ಮ ಮೇಲೆ ಅನುಮಾನ."

"ನನ್ನ ಗಂಡನ ಮಂಡಿ, ಕರ್ಟಿಸ್?"

"ತೊಂಬತ್ತು ದಿನ ತಾನೆ? ಮಂಡಿ ಎಲ್ಲಿಗೆ ಓಡಿಹೋಗತ್ತೆ?"

ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ. ಲೋರ್ನಾ ರಾಜೀನಾಮೆಗೆ ಸಹಿ ಹಾಕಿದಳು.

ಡಿಸೆಂಬರ್‌ನಲ್ಲಿ, ವರ್ಷಕ್ಕೆ ಒಂದು ವಾರದ ರಜೆಯ ಕರಾರಿನ ಮೇಲೆ, ಅವಳು ಹೊಸದಾಗಿ ಸೇರಿದಳು. ಥೋಲ್ ಅವಳನ್ನು ಹೊಸ ಗ್ರಾಹಕರೊಬ್ಬರಿಗೆ ಪರಿಚಯಿಸಿದರು.

"ನಾನು ಲೋರ್ನಾ. ನಿಮ್ಮದು ಯಾವ ಥರದ ವಾಲ್ವ್?"

"ನಾನು ವರ್ಜಿಲ್. ಯಜಮಾನರ ಮಂಡಿ ಹೇಗಿದೆ?"

ಥೋಲ್ ಕೆಮ್ಮಿದರು.

"ಕ್ಷಮಿಸಿ," ಎಂದ ವರ್ಜಿಲ್. "ನಿಮಗೆ ಮದುವೆ ಆಗಿದ್ಯಾ?"

"ಆಗಿದೆ. ಹೊಸಬಳಲ್ವಾ, ವಿಮೆ ಮಾರ್ಚ್‌ಗೆ ಶುರು. ಅಲ್ಲೀವರೆಗೂ ಅವರು ಕುಂಟ್ತಾರೆ."

"ಅಯ್ಯೋ ಪಾಪ, ಗೊತ್ತೇ ಇರಲಿಲ್ಲ," ಎಂದು ವರ್ಜಿಲ್ ಶಿಸ್ತಾಗಿ ಕೈಕುಲುಕಿದ. ಮುಂದಿನ ಜೂನ್‌ನಲ್ಲಿ ಬಿಟ್ಟುಹೋಗುವ ಕಾಗದಕ್ಕೂ ಇಬ್ಬರೂ ಅಲ್ಲೇ ಸಹಿ ಹಾಕಿದರು. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗಬಾರದಲ್ಲ.