ಊರಿಗೆಲ್ಲ ಕಂಡ ಉದ್ದಗೀಟು

ಅಷ್ಟೆಲ್ಲ ಅವಾಂತರಕ್ಕೆ ಕಾರಣ ಒಂದು ಉದ್ದಗೀಟು.

ಅದನ್ನು ಹಾಕಿದವನನ್ನು ಕಚೇರಿಯಲ್ಲಿ ಎಲ್ಲರೂ ಗೊಣಗಪ್ಪ ಎನ್ನುತ್ತಿದ್ದರು. ಬಾಯಲ್ಲಿ ಗೊಣಗಿದ್ದು ಸಾಲದೆ ತಾನು ಬರೆದ ಪ್ರೋಗ್ರಾಮಿನೊಳಗೂ ಗೊಣಗುತ್ತಿದ್ದ. ಅವನದು ಫಂಕ್ಷನ್‌ಗಳನ್ನೇ ಹೂವಿನಂತೆ ಪೋಣಿಸಿದ ಪ್ರೋಗ್ರಾಮು. ಒಂದೊಂದು ಫಂಕ್ಷನ್ನೂ ಒಂದು ಕೈಯಲ್ಲಿ ಇಸಿದುಕೊಂಡು ಇನ್ನೊಂದು ಕೈಯಲ್ಲಿ ಕೊಡುತ್ತದೆ, ಬೇರೆಯವರ ಗೊಡವೆಗೆ ಹೋಗುವುದಿಲ್ಲ. ಅದರ ತಲೆಯ ಮೇಲೆ ಎರಡು ಅಡ್ಡಗೀಟು ಹಾಕಿ ಟಿಪ್ಪಣಿ ಬರೆದರೆ ಅದು ಮನೆಯೊಳಗಿನ ಮಾತು. ಆ ಅಡ್ಡಗೀಟುಗಳ ಪಕ್ಕದಲ್ಲಿ ಒಂದು ಉದ್ದಗೀಟು ನಿಲ್ಲಿಸಿದರೆ, ಅದೇ ಟಿಪ್ಪಣಿ ಗಿರಾಕಿಗಳು ಓದುವ ಕೈಪಿಡಿಗೆ ಹೋಗಿ ಕೂರುತ್ತದೆ.

ಸಂಜೆಯೊಳಗೆ ಕೈಪಿಡಿ ಅಚ್ಚುಕಟ್ಟಾದರೆ ನಾಳೆಯಿಂದ ರಜೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಮನೆಯವರೆಲ್ಲ ಸಮುದ್ರ ನೋಡಲು ತಯಾರಾಗಿ ನಿಂತಿದ್ದರು. ಮಗಳಂತೂ ಈಜುವ ಕನ್ನಡಕ ಹಾಕಿಕೊಂಡೇ ಬೆಳಗಿನ ತಿಂಡಿ ತಿಂದಿದ್ದಳು.

ಪಕ್ಕದ ಮೇಜಿನ ಅಕ್ಕ ಬಂದು, ಟಿಪ್ಪಣಿಯ ಸಾಲುಗಳು ಒಂದೇ ನೇರಕ್ಕಿರಲಿ ಎಂದಳು. ಅವನು ನೇರ ಮಾಡಿದ. ಎದುರು ಮೇಜಿನ ಅಣ್ಣ ಇಣುಕಿ, ಹೀಗಿದ್ದರೆ ಉಸಿರು ಕಟ್ಟುತ್ತದೆ, ನಡುನಡುವೆ ಜಾಗ ಬಿಡು ಎಂದ. ಬಿಟ್ಟ. ಅಕ್ಕ ಮತ್ತೆ ಬಂದು ಮೂಗು ಮುರಿದಳು. ಮಧ್ಯಾಹ್ನ ಕಳೆದರೂ ಕೆಲಸ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಿತ್ತೇ ಹೊರತು ಮುಂದೆ ಹೋಗಲಿಲ್ಲ.

ಹೆಂಡತಿ ಫೋನ್ ಮಾಡಿ, "ಬರ್ತೀರೋ, ನಾವೇ ಹೋಗೋದೋ?" ಎಂದಳು.

ಅಕ್ಕನಿಗೆ ಕನಿಕರ ಬಂತು. "ಒಂದೊಂದೇ ಯಾಕಪ್ಪ ತಿದ್ದುತ್ತೀಯ? ಎಲ್ಲ ಟಿಪ್ಪಣಿಗೂ ಒಂದೇ ಏಟಿಗೆ ಉದ್ದಗೀಟು ಹಾಕಿ ಮನೆಗೆ ಹೋಗು."

ಹಾಕಿದ. ಕೈಪಿಡಿ ಗಿರಾಕಿಗಳಿಗೆ ಹೋಯಿತು. ಉಳಿದ ಚಿಲ್ಲರೆ ಕೆಲಸ ಮುಗಿಸಿ ಚೀಲ ಹೆಗಲಿಗೇರಿಸಿ, ಹೋಗುವ ಮುಂಚೆ ಒಮ್ಮೆ ಅದರ ಮೇಲೆ ಕಣ್ಣಾಡಿಸಿದ. ಮೊದಲ ಪುಟದಲ್ಲೇ ಅವನ ಗೊಣಗಾಟ ದಪ್ಪಕ್ಷರದಲ್ಲಿ ಮೆರೆಯುತ್ತಿತ್ತು: "ಖಾಲಿ ಪಟ್ಟಿ ಕೊಟ್ಟರೆ ಇದು ನಮ್ಮ ಸಾಹೇಬರ ಹಾಗೆ. ಸುಮ್ಮನೆ ಕೂತಿರುತ್ತೆ, ಏನೂ ಕೊಡಲ್ಲ."

ಅಷ್ಟರಲ್ಲಿ ಸಾಹೇಬರ ಕರೆ ಬಂತು. ಹಬೆಯಲ್ಲಿಟ್ಟ ಕಾಗದದಂತೆ ಮೆತ್ತಗಾಗಿ ಒಳಗೆ ಹೋದ.

ಸಾಹೇಬರು ನಗುತ್ತಿದ್ದರು. "ಗಿರಾಕಿಗಳು ಫೋನ್ ಮಾಡಿದ್ರು ಕಣಯ್ಯಾ. ಇಷ್ಟು ದಿನಕ್ಕೆ ಒಂದು ಕೈಪಿಡಿ ಅರ್ಥ ಆಯ್ತಂತೆ. ಅದರಲ್ಲೂ ನನ್ನ ಹೋಲಿಕೆ ಇದೆಯಲ್ಲ, ಓದಿದ ಕೂಡಲೇ ಹೊಳೀತಂತೆ."

ಗೊಣಗಪ್ಪನಿಗೆ ಹೋದ ಜೀವ ಬಂತು. "ಹಾಗಾದ್ರೆ ನಾಳೆಯಿಂದ ರಜೆ, ಸರ್?"

"ರಜೆಯಾ? ಉಳಿದ ಕೈಪಿಡಿಗಳನ್ನೂ ಹೀಗೇ ಬರೆದುಕೊಡು ಅಂತಿದಾರೆ. ನಿನ್ನ ಬಿಟ್ಟರೆ ಹೀಗೆ ಯಾರಿಗೆ ಬರುತ್ತೆ? ನಾಳೆ ಬೇಗ ಬಾ."

ಅವನು ಮೇಜಿಗೆ ಮರಳಿ ಮುಂದಿನ ಪ್ರೋಗ್ರಾಮು ತೆರೆದ. ಎಲ್ಲಕ್ಕಿಂತ ಮೇಲೆ ಎರಡು ಅಡ್ಡಗೀಟು ಎಳೆದು ಬರೆದ: "ಇದಕ್ಕೆ ರಜೆ ಅರ್ಜಿ ಕೊಟ್ಟರೆ ಕೆಲಸ ಕೊಡುತ್ತೆ."

ಈ ಸಲ ಉದ್ದಗೀಟು ಹಾಕಲಿಲ್ಲ. ಬೆನ್ನ ಹಿಂದೆ ನಿಂತಿದ್ದ ಅಕ್ಕ ಕೈಚಾಚಿ, "ಮರೆತೆಯಲ್ಲಪ್ಪ" ಎಂದು ತಾನೇ ಹಾಕಿದಳು.