ಕೋಳಿ ಗೂಡಿಗೆ ನಾನು ಕೇಳಿದ ಪರವಾನಿಗೆ

ಕಾನೂನು ಪ್ರಕಾರ ನಡೆಯುವವನಿಗೆ ಯಾರ ಭಯವೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಇಂಥ ನಂಬಿಕೆ ಇರುವವರು ಪಂಚಾಯ್ತಿ ಕಚೇರಿಯ ಕಡೆ ತಲೆ ಹಾಕಬಾರದು. ನಾನು ಹಾಕಿದೆ!

ನಾನು ಗೌಂಡಿ ಕೆಲಸದವನು. ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟು ಕರಣಿ ಹಿಡಿದೆ. ಹಿನ್ನೀರು ನಮ್ಮ ಹಳೆಯ ಊರನ್ನು ನುಂಗಿದ ಮೇಲೆ ಸರ್ಕಾರ ಬಾಡಗಂಡಿಯ ಆಚೆ ಪುನರ್ವಸತಿ ಕೇಂದ್ರದಲ್ಲಿ ಎಲ್ಲರಿಗೂ ಮೂವತ್ತು ನಲವತ್ತರ ಜಾಗ ಅಳೆದು ಕೊಟ್ಟಿತು. ಅಲ್ಲಿಯ ಅರ್ಧ ಮನೆಗಳ ಗೋಡೆಗಳು ನನ್ನ ಕೈಯಿಂದಲೇ ಎದ್ದವು. ಒಂದೇ ಒಂದು ಸೊಟ್ಟ ಗೋಡೆ ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಚಹಾದಂಗಡಿಯಲ್ಲಿ ಕೂತು ಹೇಳುವಷ್ಟು ಸೊಕ್ಕು ನನಗಿತ್ತು.

ಹಳೆಯ ಊರು ಬಿಡುವ ದಿನ ನನ್ನ ಹೆಂಡತಿ ಲಕ್ಕವ್ವ ಹಿತ್ತಾಳೆ ಕೊಡ, ದೇವರ ಫೋಟೋ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹಾಕಿಸಿದಳು. ಎರಡು ಜವಾರಿ ಕೋಳಿಗಳನ್ನು ಮಾತ್ರ ಮಡಿಲಲ್ಲಿ ಹಿಡಿದುಕೊಂಡು ಬಂದಳು. ಅವು ಇಲ್ಲಿ ಆರು ಹೇಂಟೆ, ಒಂದು ಹುಂಜ ಆಗಿದ್ದವು. ರಾತ್ರಿ ಬಿದಿರು ಬುಟ್ಟಿಯ ಕೆಳಗೆ, ಹಗಲು ಊರ ತುಂಬ. ನನಗೆ ಜ್ವರ ಬಂದರೆ ಲಕ್ಕವ್ವ ಕಷಾಯ ಕೊಡುತ್ತಾಳೆ. ಕೋಳಿ ತೂಕಡಿಸಿದರೆ ಪಕ್ಕದಲ್ಲೇ ಕೂರುತ್ತಾಳೆ.

ಪಕ್ಕದ ಮನೆಯ ಗುರುಪಾದಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನ. ಅವರ ಮನೆಯಲ್ಲಿ ಕೋಳಿ ತಿನ್ನುವುದಿಲ್ಲ, ಸಾಕುವವರ ಮೇಲೆ ಸಿಟ್ಟೂ ಇಲ್ಲ. ಒಂದು ಬೇಸಿಗೆಯ ಮುಂಜಾನೆ ಅವರು ಒಣಗಲು ಹಾಕಿದ್ದ ಶಾಂಡಿಗೆಯ ಮೇಲೆ ನಮ್ಮ ಹುಂಜ ಊರ ಗೌಡನ ಹಾಗೆ ನಡೆದುಹೋಯಿತು. ಗುರುಪಾದಪ್ಪ ಗೋಡೆಯ ಮೇಲಿಂದ ನಕ್ಕ.

"ಏ ಯಮನಪ್ಪಾ, ನಿನ್ನ ಹುಂಜ ನಮ್ಮ ಶಾಂಡಿಗಿ ಮ್ಯಾಲೆ ಅಡ್ಡಾಡಾಕತ್ತೈತಿ ನೋಡೋ! ಕೋಳಿ ಸಾಕಾಕ ಪಂಚಾಯ್ತಿ ಪರವಾನಿಗಿನರ ತಗೊಂಡಿಯೋ ಇಲ್ಲೋ?"

ಅದು ಚೇಷ್ಟೆ ಎಂದು ಅವನ ಹೆಂಡತಿಗೆ ತಿಳಿಯಿತು, ನನ್ನ ಹೆಂಡತಿಗೆ ತಿಳಿಯಿತು. ಹುಂಜಕ್ಕೂ ತಿಳಿದಿರಬೇಕು. ತಿಳಿಯದವನು ನಾನೊಬ್ಬನೇ. ಸಾಲಿ ಬಿಟ್ಟವನಿಗೆ ಕಾಯ್ದೆ ಗೊತ್ತಿಲ್ಲ ಎಂದು ಕಾರಕೂನ ನನ್ನನ್ನು ಚುಚ್ಚಿದ ಎಂದೇ ಎದೆಗೆ ತಗುಲಿತು.

"ಲಕ್ಕವ್ವಾ, ಇಸ್ತ್ರಿ ಅಂಗಿ ಕೊಡು. ಪಂಚಾಯ್ತಿಗೆ ಹೊಂಟೇನಿ."

"ಯಾಕ್ರಿ?"

"ಕೋಳಿಗೆ ಪರವಾನಿಗಿ ತರಾಕ."

"ತಲಿ ಛಲೋ ಐತಿಲ್ರಿ? ಕೋಳಿ ಏನ್ ಮೋಟರ್ ಸೈಕಲ್ಲೇನು?"

ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ ಎಂದುಕೊಂಡು ಹೊರಟೆ. ಅಂಗಿಯ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡಿದ್ದೆ.

ಪಂಚಾಯ್ತಿ ಸೆಕ್ರೆಟರಿ ಸಾಹೇಬರು ಒಳ್ಳೆಯ ಮನುಷ್ಯ. ನನ್ನ ಮಾತು ಕೇಳಿ ಅವರು ಪೆನ್ನು ಕೆಳಗಿಟ್ಟರು.

"ಕೋಳಿಗೆ ಪರವಾನಿಗಿನ? ಯಾರು ಕೇಳ್ಯಾರಪಾ?"

"ಯಾರೂ ಕೇಳಿಲ್ರಿ ಸಾಹೇಬ್ರ. ನಾನ ಕೇಳಾಕತ್ತೇನ್ರಿ."

"ಮತ್ತ ಮನಿಗಿ ಹೋಗು ಮಾರಾಯಾ. ಕೇಳದವರಿಗೆ ಕಾಯ್ದೆ ಇರಂಗಿಲ್ಲ."

ಎಂಥ ಜ್ಞಾನದ ಮಾತು! ಆಗ ಕೈ ಮುಗಿದು ಮನೆಗೆ ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಬಡಾಯಿಕೋರ. "ನನಗ ಬರವಣಿಗಿಯೊಳಗ ಬೇಕ್ರಿ" ಎಂದು ಬೆಂಚಿನ ಮೇಲೆ ಕೂತು, ಒಂದು ತಾಸು ಬೆವರು ಸುರಿಸಿ, ಸ್ವಂತ ಅಕ್ಷರದಲ್ಲಿ ಅರ್ಜಿ ಬರೆದು, ಪಂಚಾಯ್ತಿ ಮುದ್ರೆಯ ಸಿಕ್ಕಾ ಹೊಡೆಸಿ, ಆವಕ ನಂಬರ್ ಹಾಕಿಸಿಯೇ ಎದ್ದೆ.

ನಂಬರ್ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕಂತೆ. ಸಾಹೇಬರು ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದು ಧೂಳು ಊದಿದರು. ಇಬ್ಬರೂ ಸೀನಿದೆವು. ಪುಟ ತಿರುವುತ್ತ ತಿರುವುತ್ತ ಅವರ ಬೆರಳು ಒಂದು ಕಡೆ ನಿಂತಿತು.

"ಸಿಕ್ತು ನೋಡು! ವಸತಿ ಜಾಗದಾಗ ಕೋಳಿ ಇಡೂದಿದ್ರ, ಜಾಗದ ನಾಲ್ಕೂ ಹದ್ದಿನಿಂದ, ಅಂದ್ರ ಗಡಿಯಿಂದ, ಹನ್ನೆರಡು ಅಡಿ ಬಿಟ್ಟು ಒಳಗ ಇಡಬೇಕು. ಇಲ್ಲಂದ್ರ ಎಂಟು ದಿನದಾಗ ಕೋಳಿ ತೆಗೀಬೇಕು."

"ಅಷ್ಟ ಹೌದಲ್ರಿ!" ಎಂದೆ ನಾನು. ನಾಲ್ಕು ಗೋಡೆ ಕಟ್ಟುವವನಿಗೆ ಹನ್ನೆರಡು ಅಡಿ ಯಾವ ಲೆಕ್ಕ?

ಮನೆಗೆ ಬಂದವನೇ ಅಳತೆ ಮಾಡಬೇಕಿತ್ತು. ಮಾಡಲಿಲ್ಲ, ಕಟ್ಟಿದೆ. ಹಿತ್ತಲಲ್ಲಿ ಪಾಯ ತೋಡಿ, ಇಟ್ಟಿಗೆ ಇಟ್ಟು, ಸಿಮೆಂಟು ಬಳಿದು, ಗಾಳಿ ಕಿಂಡಿ ಬಿಟ್ಟು, ಒಳಗೆ ಫರ್ಸಿ ಕಲ್ಲು ಹಾಸಿ, ಬಾಗಿಲಿಗೆ ಹೊಸ್ತಿಲನ್ನೂ ಇಟ್ಟೆ. ಮೂರು ದಿನದ ಕೆಲಸ. ಒಂದು ಕೂದಲೆಳೆಯಷ್ಟೂ ಸೊಟ್ಟವಿಲ್ಲ.

ಲಕ್ಕವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನಮ್ಮ ಅಡಗಿಮನ್ಯಾಗ ಇನ್ನೂ ನೆಲ ಸಾರಸಾಕತ್ತೇನಿ. ಕೋಳಿಗೆ ಫರ್ಸಿ! ಮುಂದಿನ ಜಲ್ಮದಾಗ ನಿಮ್ಮ ಮನ್ಯಾಗ ಕೋಳಿ ಆಗಿ ಹುಟ್ಟತೇನಿ ತಗೋರಿ."

ನಾಲ್ಕನೇ ದಿನ ಪಂಚಾಯ್ತಿಯ ಬಿಲ್ ಕಲೆಕ್ಟರ್ ಶಿವಾನಂದ ಟೇಪು ಹಿಡಿದು ಬಂದ. ಹಿಂದಿನ ಹದ್ದಿನಿಂದ ಗೂಡಿಗೆ ಎಷ್ಟು? ಎರಡು ಅಡಿ.

"ಬರೂದಿಲ್ರಿ ಯಮನಪ್ಪ. ಇನ್ನೂ ಹತ್ತು ಅಡಿ ಮುಂದ ಸರಸ್ರಿ."

"ಹತ್ತು ಅಡಿ ಮುಂದ ನನ್ನ ಮನಿ ಐತೋ ತಮ್ಮಾ!"

"ಕಾಯ್ದೆ ಹಂಗ ಐತ್ರಿ."

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಿ ಕರಣಿಗಿಂತ ಜೋರು. "ಹಂಗ ನೋಡಿದ್ರ ಇಡೀ ಕೇಂದ್ರದಾಗ ಎಲ್ಲಾರ ಜಾಗಾನೂ ಮೂವತ್ತು ನಲವತ್ತ ಐತಿ! ಯಾರ ಕೋಳಿನೂ ಕಾಯ್ದೆದಾಗ ಕುಂಡ್ರೂದಿಲ್ಲ! ಎಲ್ಲಾರಿಗೂ ನೋಟೀಸ್ ಕೊಡ್ತೀಯೇನ?"

ಶಿವಾನಂದ ಒಂದು ಕ್ಷಣ ಯೋಚಿಸಿದ. "ಹೌದಲ್ರಿ! ಇದು ನಮಗ ಹೊಳದಿದ್ದಿಲ್ಲ" ಎಂದು ವಹಿಯಲ್ಲಿ ಬರೆದುಕೊಂಡ.

ಮರುದಿನ ಕೋಳಿ ಇದ್ದ ಪ್ರತಿ ಮನೆಗೂ ನೋಟೀಸು!

ಸಂಜೆಗೆ ನಮ್ಮ ಅಂಗಳದಲ್ಲಿ ಹೆಂಗಸರ ಸಭೆ. ಪ್ರತಿಯೊಬ್ಬಳ ಕಂಕುಳಲ್ಲೂ ಕೋಳಿ. ಮುಂದೆ ನಿಂತವಳು ಓಣಿಯ ಹಿರಿಯಳು ದುರಗವ್ವ. ನನ್ನನ್ನು ಕೂಸಿದ್ದಾಗ ಎತ್ತಿ ಆಡಿಸಿದವಳು. ಆಗಲೇ ಕೆಳಗೆ ಬಿಟ್ಟಿದ್ದರೆ ಛಲೋ ಇತ್ತು ಎಂಬ ಭಾವ ಅವಳ ಮುಖದಲ್ಲಿತ್ತು.

"ಲೇ ಯಮನ್ಯಾ, ಹೊಳಿ ಬಂದು ಊರು ಮುಳುಗಿಸಿತು, ಆದ್ರ ನನ್ನ ಕೋಳಿ ಉಳಿಸಿತ್ತು. ನೀ ಹೊಳಿಗಿಂತ ಹೆಚ್ಚಿನಾಂವ ಆದಿ ನೋಡು! ಕಾಯ್ದೆ ತಂದಾಂವ ನೀನ, ಹಿಡಿ, ನೀನ ಇಟ್ಕೋ. ಒಂದರ ಪುಚ್ಚ ಉದುರಿದ್ರೂ ನಿನ್ನ ಮೀಸಿ ಉದುರತೈತಿ."

ಎಲ್ಲರೂ ಕೋಳಿ ಬಿಟ್ಟು ಹೋದರು. ನಮ್ಮ ಏಳಕ್ಕೆ ಅವರವು ಸೇರಿ ನಲವತ್ತು ದಾಟಿದವು. ಅವುಗಳಲ್ಲಿ ಒಂಬತ್ತು ಹುಂಜ. ಒಂಬತ್ತು ಹುಂಜಗಳು ಒಂದೇ ಹೊತ್ತಿಗೆ ಬೆಳಗಾಯಿತು ಎಂದು ಒಪ್ಪುವುದಿಲ್ಲ ಎಂಬ ಸಂಗತಿ ನನಗೆ ಆಗ ತಿಳಿಯಿತು. ಗುರುಪಾದಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು ಕಾರ್ಖಾನೆಗೆ ಹೋಗತೊಡಗಿದ.

ಲಕ್ಕವ್ವ ಮಾತು ಬಿಟ್ಟಳು. ಅನ್ನ ಬಡಿಸುವಾಗ ತಟ್ಟೆಯ ಸದ್ದೇ ಮಾತಾಡುತ್ತಿತ್ತು. ಎಂಟನೆಯ ದಿನದ ಹಿಂದಿನ ಸಂಜೆ ಮಾತ್ರ, ತನ್ನ ಹಳೆಯ ಹೇಂಟೆಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತು, ಮೆಲ್ಲಗೆ ಕೇಳಿದಳು:

"ನಾಳೆ ಖರೇನ ಒಯ್ತಾರೇನ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಎದ್ದು ದಾರ ತೆಗೆದುಕೊಂಡೆ. ನಾಲ್ಕೂ ಹದ್ದಿನಿಂದ ಹನ್ನೆರಡು ಅಡಿ ಅಳೆದು ಒಳಗೆ ಬಂದೆ. ಆಹಾ, ಕಾನೂನಿನ ಜಾಗ ಸಿಕ್ಕಿತು! ಆರು ಅಡಿ ಅಗಲದ ಒಂದು ಪಟ್ಟಿ. ಪಡಸಾಲೆಯಲ್ಲಿ ನನ್ನ ಹಾಸಿಗೆಯಿಂದ ಶುರುವಾಗಿ, ಅಡಿಗೆಮನೆಯ ಒಲೆಯ ತನಕ. ಸುಣ್ಣದ ಗೆರೆ ಎಳೆದೆ. ಒಲೆಯನ್ನು ಅಂಗಳಕ್ಕೆ ಒಯ್ದೆವು, ಹಾಸಿಗೆಯನ್ನೂ ಒಯ್ದೆವು. ಕೋಳಿಗಳು ಗೃಹಪ್ರವೇಶ ಮಾಡಿದವು.

ಮುಂಜಾನೆ ಸೆಕ್ರೆಟರಿ ಸಾಹೇಬರೇ ಬಂದರು. ಹಿಂದೆ ಶಿವಾನಂದ, ಅವನ ಹಿಂದೆ ಇಡೀ ಓಣಿ. ಸಾಹೇಬರು ಒಳಗೆ ಕಾಲಿಟ್ಟು, ಎಲ್ಲಿಟ್ಟೆ ಎಂದು ನೋಡಿಕೊಂಡು, ಬೂಟು ಒರೆಸಿಕೊಂಡರು. ಶಿವಾನಂದ ಅಳೆದ. ಒಂದು ಇಂಚೂ ತಪ್ಪಿಲ್ಲ.

"ಕಾಯ್ದೆ ಪ್ರಕಾರ ಪಕ್ಕಾ ಐತಿ" ಎಂದರು ಸಾಹೇಬರು.

ನಾನು ಎದೆ ಉಬ್ಬಿಸಿ ಗುರುಪಾದಪ್ಪನ ಕಡೆ ನೋಡಿದೆ. ಅಷ್ಟರಲ್ಲಿ ನಮ್ಮ ಹುಂಜ ಗೆರೆ ದಾಟಿ, ಸಾಹೇಬರ ಫೈಲಿನ ಮೇಲೆ ಹಾರಿ ಕೂತು, ತನ್ನ ಸಿಕ್ಕಾ ಒತ್ತಿತು! ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸಾಹೇಬರು ಫೈಲನ್ನು ದೂರ ಹಿಡಿದು ನಿಟ್ಟುಸಿರು ಬಿಟ್ಟರು. "ಯಮನಪ್ಪ, ಇನ್ನ ಸಾಕು. ಅರ್ಜಿ ವಾಪಸ್ ತಗೊಂಡ್ರ ಫೈಲು ಮುಗೀತೈತಿ. ಫೈಲು ಮುಗುದ್ರ ಪುಸ್ತಕ ಕಪಾಟಿಗೆ ಹೋಗತೈತಿ. ಎಲ್ಲಾರ ಕೋಳಿ ಉಳೀತಾವು."

"ಮೊದಲ ಯಾಕ ಹೇಳಲಿಲ್ರಿ?"

"ಮನಿಗಿ ಹೋಗು ಅಂದಿದ್ದೆ."

ವಾಪಸ್ ಪಡೆಯಲು ಕಾರಣ ಬರೆಯಬೇಕಂತೆ. ಗುರುಪಾದಪ್ಪ ತನ್ನ ಮುತ್ತಿನಂಥ ಅಕ್ಷರದಲ್ಲಿ ಎರಡೇ ಸಾಲು ಬರೆದು ಓದಿದ: "ಸದರಿ ಅರ್ಜಿಯನ್ನು ನಾನು ತಿಳಿವಳಿಕೆ ಇಲ್ಲದೆ ಕೊಟ್ಟಿರುತ್ತೇನೆ. ಆದ ಕಾರಣ ವಾಪಸ್ ಪಡೆಯುತ್ತೇನೆ."

ತಿಳಿವಳಿಕೆ ಇಲ್ಲದೆ! ಇಡೀ ಓಣಿಯ ಮುಂದೆ! "ಇದನ್ನ ಸ್ವಲ್ಪ ಬ್ಯಾರೆ ಥರ ಬರಿಯಾಕ ಬರ್ತೈತೇನು ನೋಡೋ ಗುರುಪಾದಣ್ಣಾ" ಎಂದೆ.

ಎಂಟು ದಿನದಲ್ಲಿ ಒಂದೇ ಸಲ ತೆರೆದಿದ್ದ ಲಕ್ಕವ್ವನ ಬಾಯಿ ಮತ್ತೆ ತೆರೆಯಿತು. "ಖರೆ ಇದ್ದದ್ದನ್ನ ಬರದಾರ. ಸಹಿ ಮಾಡ್ರಿ."

ಮಾಡಿದೆ. ಹೆಂಗಸರು ಕೋಳಿ ಎತ್ತಿಕೊಂಡು ಹೋದರು. ಅವತ್ತು ಮಧ್ಯಾಹ್ನ ನನಗೆ ಬಿಸಿ ರೊಟ್ಟಿ, ಜೊತೆಗೆ ಎರಡು ಮಾತು ಸಿಕ್ಕವು.

ಆದರೆ ಪಂಚಾಯ್ತಿಯಲ್ಲಿ ನನ್ನ ಕಾಗದಕ್ಕೆ ಭಾರೀ ಮರ್ಯಾದೆ ಬಂದಿದೆ. ಯಾರೇ ಅರ್ಜಿ ವಾಪಸ್ ಕೇಳಲಿ, ನಳದ್ದಾಗಲಿ, ಗಟಾರದ್ದಾಗಲಿ, ಶಿವಾನಂದ ಅದನ್ನೇ ತೆಗೆದು, "ಹಿಂಗ ಬರದು ಕೆಳಗ ಹೆಸರು ಬದಲಿ ಮಾಡ್ರಿ" ಎನ್ನುತ್ತಾನಂತೆ. ಜನ ಪಾಪ, ನೋಡಿ ನೋಡಿ ಬರೆಯುತ್ತಾರೆ. ಕೆಲವರು ಹೆಸರನ್ನೂ ನೋಡಿಯೇ ಬರೆದುಬಿಡುತ್ತಾರೆ. ಮೊನ್ನೆ ಕೇಳಿದೆ: ಪಂಚಾಯ್ತಿಯ ದಫ್ತರದ ಪ್ರಕಾರ ನಾನು ಇಲ್ಲಿಯ ತನಕ ಐದು ಸಲ ತಿಳಿವಳಿಕೆ ಇಲ್ಲದವನು. ತಿದ್ದಿಸೋಣ ಎಂದರೆ, ಅದಕ್ಕೆ ಅರ್ಜಿ ಕೊಡಬೇಕಂತೆ!