ಅಪ್ಪನ ಪ್ರೂಫ್ ನಾಣ್ಯ

ದುಡ್ಡು ಕೊಟ್ಟು ದುಡ್ಡನ್ನೇ ಕೊಳ್ಳುವವರನ್ನು, ಅದೂ ಖರ್ಚು ಮಾಡಲಾಗದ ದುಡ್ಡನ್ನು ಕೊಳ್ಳುವವರನ್ನು, ಲೋಕ ಬುದ್ಧಿವಂತರೆಂದು ಕರೆಯುವುದಿಲ್ಲ. ನಮ್ಮಪ್ಪ ಅಂಥವರು. ಬಸವನಗುಡಿಯಲ್ಲಿ ತರಕಾರಿ ಮಾರುತ್ತಿದ್ದ ಅವರ ಕೈಗೆ ದಿನವಿಡೀ ಬರುತ್ತಿದ್ದುದು ಮಣ್ಣು, ಬೆವರು ಮೆತ್ತಿದ ಸವಕಲು ನಾಣ್ಯಗಳು. ಅದಕ್ಕೇ ಇರಬೇಕು, ಯಾರ ಕೈಯೂ ಸೋಕದ ಪ್ರೂಫ್ ನಾಣ್ಯದ ಮೇಲೆ ಅವರಿಗೆ ಅಷ್ಟು ಮೋಹ. ಅದರ ಚರಿತ್ರೆಯನ್ನು ಬದನೆಕಾಯಿ ತೂಗುತ್ತಲೇ ಗಿರಾಕಿಗಳಿಗೆ ಒಪ್ಪಿಸುತ್ತಿದ್ದರು. ಹಿಂದೆ ಟಂಕಸಾಲೆಯವರು ಹೊಸ ಅಚ್ಚು ಸರಿಯಿದೆಯೇ ಎಂದು ಪರೀಕ್ಷಿಸಲು ಒಂದೆರಡು ನಾಣ್ಯ ಹೊಡೆದು ದೊಡ್ಡವರಿಗೆ ತೋರಿಸುತ್ತಿದ್ದರಂತೆ. ಅದರ ಅಂದ ಕಂಡು ಸಂಗ್ರಾಹಕರು ನಮಗೂ ಬೇಕೆಂದರಂತೆ. ಆಮೇಲೆ ಅವರಿಗಾಗಿಯೇ ಕನ್ನಡಿಯಂಥ ಹೊಳಪು ಕೊಟ್ಟು, ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದರಂತೆ. ಬದನೆಕಾಯಿ ಬೇಕಾದವರು ಇಷ್ಟನ್ನೂ ಕೇಳಲೇಬೇಕಿತ್ತು.

ಅಂಥದೊಂದು ಬೆಳ್ಳಿಯ ನಾಣ್ಯವನ್ನು ಅಪ್ಪ ಟಂಕಸಾಲೆಗೆ ಪತ್ರ ಬರೆದು, ತಿಂಗಳುಗಟ್ಟಲೆ ಪೋಸ್ಟ್‌ಮ್ಯಾನ್ ದಾರಿ ಕಾದು ತರಿಸಿದ್ದರು. ಶಂಕರಪುರದ ನಮ್ಮ ಮನೆಯಲ್ಲಿ ಅದರ ದರ್ಶನ ವರ್ಷಕ್ಕೊಮ್ಮೆ. ಮುಟ್ಟಿದರೆ ಬೆರಳಚ್ಚು ಕೂತುಬಿಡುತ್ತದೆಂದು ಅಮ್ಮನ ಕೈಗೂ ಕೊಡುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಪೆಟ್ಟಿಗೆ ನನಗೆ ಬಂತು. ಹೋದ ತಿಂಗಳು, ಬೆಲೆ ತಿಳಿಯುವ ಆಸೆಯಿಂದ, ಹೆಂಡತಿ ಸರೋಜಳೊಂದಿಗೆ ಚಾಮರಾಜಪೇಟೆಯ ನಾಣ್ಯದ ಅಂಗಡಿಗೆ ಹೊರಟೆ. ಹೊರಡುವ ಮುನ್ನ ತೆರೆದು ನೋಡಿದರೆ ನಾಣ್ಯ ಮಂಕಾಗಿತ್ತು, ನಡುವೆ ಒಂದು ಕಂದು ಕಲೆ. ಮದುವೆಮನೆಗೆ ಹೊರಟ ಮಗುವಿನ ಮುಖ ತೊಳೆಸುವಂತೆ, ಹುಣಸೆಹಣ್ಣು ಹಚ್ಚಿ ಉಜ್ಜಿದೆ.

ಅಂಗಡಿಯ ಹಿರಿಯರು ಭೂತಗನ್ನಡಿಯಲ್ಲಿ ನೋಡಿ ನಿಟ್ಟುಸಿರು ಬಿಟ್ಟರು. "ಯಾರು ಸಾರ್ ಇದನ್ನ ಉಜ್ಜಿದ್ದು?"

"ನಮ್ಮನೆಯವರು," ಎಂದೆ. ಪಕ್ಕದಲ್ಲೇ ಕೂತಿದ್ದ ಸರೋಜ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಉಜ್ಜಿದರೆ ಆ ಕನ್ನಡಿಯ ಹೊಳಪೇ ಹಾಳು, ಇನ್ನು ಬೆಳ್ಳಿಯ ತೂಕಕ್ಕಷ್ಟೇ ಬೆಲೆ ಎಂದು ಅಂಗಡಿಯ ಹಿರಿಯರು ವಿವರಿಸಿದರು. ಆಮೇಲೆ ಕಲೆಯ ಮೇಲೆ ಗಾಜು ನಿಲ್ಲಿಸಿದರು.

"ಇದು ಕೊಳೆ ಅಲ್ಲ ಸಾರ್. ಹೆಬ್ಬೆಟ್ಟಿನ ಗುರುತು. ತುಂಬಾ ಹಳೇದು, ಬೆಳ್ಳಿ ಒಳಕ್ಕೇ ಇಳಿದ್ಬಿಟ್ಟಿದೆ."

ಬಗ್ಗಿ ನೋಡಿದೆ. ಅಗಲವಾದ ಹೆಬ್ಬೆರಳು, ಅಡ್ಡಕ್ಕೆ ಒಂದು ಗಾಯದ ಗೆರೆ. ಕುಂಬಳಕಾಯಿ ಹೋಳು ಮಾಡುವಾಗ ಕತ್ತಿ ತಗುಲಿ ಅಪ್ಪನಿಗೆ ಆಗಿದ್ದ ಗಾಯ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಆಸೆ ತಡೆಯಲಾರದೆ, ಅವರೂ ಒಮ್ಮೆ ಹಿಡಿದು ನೋಡಿದ್ದರು. ಸರೋಜ ಸಿಟ್ಟು ಮರೆತು, ಮಾವನವರದೇ ಅದು ಎಂದು ಮೆಲ್ಲಗೆ ಹೇಳಿದಳು.

ನಾಣ್ಯ ಮಾರಲಿಲ್ಲ. ದಾರಿಯಲ್ಲಿ ಅವಳೆಂದಳು, "ಇನ್ನೊಂಚೂರು ಉಜ್ಜಿದ್ರೆ ಅದೂ ಅಳಿಸಿಹೋಗ್ತಿತ್ತಲ್ರೀ."

ನಿಜ. ಕೈ ನೋಯಿತೆಂದು ಅರ್ಧಕ್ಕೇ ಬಿಟ್ಟು ಕಾಫಿಗೆ ಎದ್ದಿದ್ದೆ. ಅರವತ್ತೈದು ವರ್ಷಗಳಲ್ಲಿ ನನ್ನ ಸೋಮಾರಿತನ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಅದಕ್ಕೂ ಅದರ ಗೌರವ ಸಲ್ಲಿಸದೆ, "ಬೇಕೂಂತ್ಲೇ ಬಿಟ್ಟಿದ್ದೆ ಕಣೇ," ಎಂದುಬಿಟ್ಟೆ.